ಮಾವುತ ಕೂತ ಜಾಗ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಫಿಲ್ಟರ್ ಕಾಫಿ ಸಿಗದಿರಲಿ.

ಮೊಮ್ಮಗಳು ಅದಿತಿ ಕಾಲೇಜಿನ ಅಸೈನ್‌ಮೆಂಟಿಗೆ ಒಂದು ತೈಲಚಿತ್ರ ನೋಡಿ ಬರೆಯಬೇಕಿತ್ತು. ಟೊರೆನ್ಸ್‌ನಿಂದ ಲಾಸ್ ಏಂಜಲೀಸ್‌ನ ಮ್ಯೂಸಿಯಂಗೆ ಡ್ರೈವ್ ಮಾಡುವಾಗ ನನ್ನನ್ನೂ ಕರೆದುಕೊಂಡು ಹೋದಳು. ಗೋಡೆಯಗಲದ ಚಿತ್ರ. ಪುರಾತನ ಕಾಲದ ಸೈನ್ಯವೊಂದು ಮಿಂಚು, ಬಿರುಗಾಳಿಯ ನಡುವೆ ಆನೆಗಳ ಸಮೇತ ಹಿಮಪರ್ವತ ಹತ್ತುತ್ತಿದೆ.

ನಲವತ್ತು ದಸರಾ ನೋಡಿದ ಮೈಸೂರಿನ ಕಣ್ಣು ನನ್ನದು, ತಪ್ಪು ತಕ್ಷಣ ಸಿಕ್ಕಿತು. “ನೋಡೇ, ಮಾವುತ ಬೆನ್ನಿನ ನಡುವೆ ಕೂತಿದ್ದಾನೆ. ಕಿವಿಯ ಹಿಂದೆ, ಕತ್ತಿನ ಮೇಲೆ ಕೂರಬೇಕು” ಎಂದು ಬೆರಳು ಚಾಚಿದೆ. ಅಲಾರಂ ಕೂಗಿತು.

ಗಾರ್ಡ್ ಓಡಿ ಬಂದ. “ಸರ್, ಹಿಂದೆ ಸರಿಯಿರಿ.”

“ಸರಿಯುತ್ತೇನಪ್ಪ. ಮೊದಲು ಆ ಮಾವುತನನ್ನು ಮುಂದೆ ಸರಿಸಿ.”

“ತಾತ, ಪ್ಲೀಸ್, ನನ್ನನ್ನೂ ಹೊರಗೆ ಹಾಕ್ತಾರೆ” ಎಂದು ಅದಿತಿ ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡಳು.

ಗಾರ್ಡ್ ಮಾವುತನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಗೌರವದಿಂದ ಮೊಣಕೈ ಹಿಡಿದು ನೇರವಾಗಿ ಮ್ಯೂಸಿಯಂನ ಮುಖ್ಯಸ್ಥೆಯ ಕೋಣೆಗೆ ಕರೆದೊಯ್ದ. ಆಕೆ ಎದ್ದು ನಿಂತು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಅದಿತಿಯೂ ಮಾವುತನ ಬಗ್ಗೆಯೇ ಬರೆದಳು, ಎ ಗ್ರೇಡ್ ಬಂತು.

ಮಾವುತ ನಿಜ, ಗ್ರೇಡೂ ನಿಜ. ಸಣ್ಣದೊಂದು ವಿವರ ಮಾತ್ರ ನನ್ನ ಸೇರ್ಪಡೆ: ಗಾರ್ಡ್ ನನ್ನನ್ನು ಕರೆದೊಯ್ದದ್ದು ಮುಖ್ಯಸ್ಥೆಯ ಕೋಣೆಗಲ್ಲ, ಪಾರ್ಕಿಂಗ್ ಲಾಟಿಗೆ. ಅದಿತಿ ನೆಮ್ಮದಿಯಾಗಿ ಬರೆದು ಮುಗಿಸಿದ್ದೂ ಆಮೇಲೆಯೇ.