ಗುರುತು ಹಿಡಿಯದ ಶಮೀಮ್ ಖಾಲಾ

ದಾಂಡೇಲಿಯ ಸಂತೆಯಲ್ಲಿ ಎದುರಾದರೆ ಶಮೀಮ್ ಖಾಲಾ ನನ್ನ ಗುರುತು ಹಿಡಿಯುತ್ತಿರಲಿಲ್ಲ. ಬದನೆಕಾಯಿಯ ರಾಶಿ ನೋಡಿದಷ್ಟೇ ಕಾಲ ನನ್ನ ಮುಖ ನೋಡಿ ಮುಂದೆ ನಡೆದುಬಿಡುತ್ತಿದ್ದರು. ಅದೇ ಖಾಲಾ ಹಿಂದಿನ ಭಾನುವಾರವಷ್ಟೇ ಹಳಿಯಾಳದ ಕೋಣೆಯೊಂದರಲ್ಲಿ ನನ್ನ ತಲೆ ಬಾಚಿ ಜಡೆ ಹಾಕಿರುತ್ತಿದ್ದರು.

ಆ ಕೋಣೆಯಲ್ಲಿ ತಿಂಗಳಿಗೊಮ್ಮೆ ಎಚ್‌ಐವಿ ಇರುವ ಮಕ್ಕಳು ಸೇರುತ್ತಿದ್ದೆವು. ಚಾಪೆಯ ಮೇಲೆ ದುಂಡಗೆ ಕುಳಿತು, ಮನೆಯಲ್ಲಿ ಆಡಲಾಗದ ಮಾತು ಆಡುವುದು. ಮಾತು ಬಾರದವರು ಚಿತ್ರ ಬರೆಯುವುದು. ನಡೆಸುತ್ತಿದ್ದವರು ನಾವೆಲ್ಲ ಚಿಕ್ಕಮ್ಮನೆಂದು ಕರೆಯುತ್ತಿದ್ದ ಈ ಖಾಲಾ. ವಾರವೆಲ್ಲ ಬಟ್ಟೆ ಹೊಲಿಯುತ್ತಿದ್ದ ಅವರಿಗೂ ಅದೇ ಸೋಂಕು. "ಗುಳಗಿ ಅಂದ್ರ ಉಪ್ಪಿದ್ದಂಗ," ಎನ್ನುತ್ತಿದ್ದರು. "ದಿನಾ ಬೇಕು. ತಿಂದೆ ಅಂತ ಊರಿಗೆ ಸಾರಬೇಕಿಲ್ಲ."

ಮುಂಡಗೋಡ ಕಡೆಯ ಸಿದ್ದಿ ಹುಡುಗಿ ಲೂಸಿ ಮೊದಲ ದಿನ ಚೀಲದಲ್ಲಿ ತನ್ನದೇ ಲೋಟ ತಂದಿದ್ದಳು. ಚಹಾ ಕುಡಿದು, ಯಾರೂ ಮುಟ್ಟದ ಹಾಗೆ ಬಾಗಿಲ ಹಿಂದೆ ಇಟ್ಟಳು. ಮನೆಯಲ್ಲಿ ಹಾಗೆ ಕಲಿಸಿದ್ದರು. ಖಾಲಾ ಆ ಲೋಟ ಎತ್ತಿ, ತಳದಲ್ಲಿ ಉಳಿದಿದ್ದ ಚಹಾ ಕುಡಿದರು.

"ಎಂಜಲ ಐತ್ರಿ," ಎಂದಳು ಲೂಸಿ, ಗಾಬರಿಯಾಗಿ.

"ಇರಲಿ ಬೇಟಿ. ಈ ರೋಗದಾಗ ನಾ ನಿನಕಿಂತ ಸೀನಿಯರ್."

ಲೂಸಿ ನಕ್ಕಳು. ಅಂದಿನಿಂದ ನನ್ನ ಪಕ್ಕವೇ ಅವಳ ಜಾಗ.

ಸಂತೆಯ ವಿಷಯ ನಾನು ಒಮ್ಮೆ ಕೇಳಿದೆ. ಖಾಲಾ ಎಲ್ಲರಿಗೂ ಕೇಳುವಂತೆ ಹೇಳಿದರು: "ನಂದು ಊರಿಗೆಲ್ಲ ಗೊತ್ತೈತಿ. ನಾ ನಿನ್ನ ನೋಡಿ ನಕ್ರ ನಿಂದೂ ಗೊತ್ತಾಗತೈತಿ. ಹೊರಗ ನಿಮಗ ಒಬ್ಬರ ಗುರ್ತು ಒಬ್ಬರಿಗಿಲ್ಲ. ಯಾರರೆ ಕೇಳಿದ್ರ, ಖಾಲಾನ ಕಡೆ ಬಟ್ಟಿ ಹೊಲಿಸ್ತೇವಿ ಅನ್ರಿ."

ಕಳೆದ ವರ್ಷ ಖಾಲಾ ತೀರಿಕೊಂಡರು. ನಾನು ಅವರ ಮನೆಗೆ ಹೋದಾಗ ಹೆಂಗಸರು ಬಾಗಿಲಲ್ಲಿ ಗುಂಪಾಗಿದ್ದರು. ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಬೇಕಾದವರು "ನೀ ಹೋಗ", "ನೀವ ಹೋಗ್ರಿ" ಎನ್ನುತ್ತ ಹೊರಗೇ ನಿಂತಿದ್ದರು. ರಬ್ಬರ್ ಗ್ಲೌಸ್ ತರಲು ಮೆಡಿಕಲ್ ಶಾಪಿಗೆ ಯಾರನ್ನೋ ಕಳಿಸಿದ್ದರಂತೆ. ಅದು ಬರುವವರೆಗೆ ಖಾಲಾ ಒಳಗೆ ಒಬ್ಬರೇ ಮಲಗಿದ್ದರು. ಮುಟ್ಟಿದರೆ ಬರುವುದಿಲ್ಲ ಎಂಬ ಒಂದೇ ವಾಕ್ಯ ನನ್ನ ಬಾಯಲ್ಲಿತ್ತು. ಅದರ ಹಿಂದೆಯೇ ಬರುವ ಪ್ರಶ್ನೆಯೂ ಗೊತ್ತಿತ್ತು: ನಿನಗ ಹೆಂಗ ಗೊತ್ತು?

"ನೀ ಯಾರವಾ?" ಒಬ್ಬಾಕೆ ಕೇಳಿದರು.

"ಬಟ್ಟಿ ಹೊಲಿಸ್ತಿದ್ದೆರಿ."

"ಚೊಲೊ ಹೊಲೀತಿದ್ಲಂತ. ನಾವೇನ ಬಟ್ಟಿ ಕೊಡ್ತಿರಲಿಲ್ಲ ಬಿಡು."

ಅಂಗಳದ ಆಚೆ ಗೋಡೆಗೆ ಒರಗಿ ಲೂಸಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ಬದನೆಕಾಯಿಯ ರಾಶಿ ನೋಡಿದಷ್ಟೇ ಕಾಲ ಅವಳು ನನ್ನನ್ನು ನೋಡಿದಳು. ನಾನೂ ಅಷ್ಟೇ ನೋಡಿದೆ.