ಉಸಿರು ಹಿಡಿದು ಹೊಯ್ದ ದೋಸೆ

ಇವತ್ತು ಬೆಳಿಗ್ಗೆ ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ, ಚೈನೀಸ್ ಸೆಕ್ಷನ್ನಿನವರು ಹಸಿಮೆಣಸು ಹೆಚ್ಚಿ ವಿನೆಗರಿಗೆ ಹಾಕಿದರು. ಆ ಹುಳಿ ಘಾಟು ನನ್ನ ದೋಸೆ ತವಾದವರೆಗೂ ಬಂತು. ಉಸ್ತಾದರು ನೆನಪಾದರು... ಎಷ್ಟು ಸೋಪು ತಿಕ್ಕಿದರೂ ಅವರ ಮೈಯಿಂದ ಹೋಗದ ವಾಸನೆ ಅದು.

ಭಾಂಡುಪ್‌ನ ನಮ್ಮ ಚಾಳಿನಲ್ಲಿ ಅವರದು ಪಕ್ಕದ ಖೋಲಿ. ಉಡುಪಿ ಕಡೆಯವರು, ಜೀವಮಾನವೆಲ್ಲ ನೂಡಲ್ಸ್ ಹುರಿದವರು. ಒಲೆಯ ಹೊಗೆಗೆ ಎದೆ ಕೆಟ್ಟಾಗ, ಬೈಕುಲ್ಲಾದಲ್ಲಿ ಅವರಿಗೆ ಅಡುಗೆ ಕಲಿಸಿದ ಚೀನೀ ಮುದುಕ ಚಿಗಾಂಗನ್ನೂ ಕಲಿಸಿದ್ದನಂತೆ. ಉಸಿರಿನ ಜೊತೆಗೆ ಕೈಕಾಲನ್ನು ನಿಧಾನ ಆಡಿಸುವ ಕಸರತ್ತು. ದಿನಾ ಬೆಳಿಗ್ಗೆ ತಾರಸಿಯಲ್ಲಿ ಮಾಡುತ್ತಿದ್ದರು. ಚಾಳಿನವರು ನಗುತ್ತಿದ್ದರು. ಸುಳ್ಳು ಯಾಕೆ, ನಾನೂ ನಗುತ್ತಿದ್ದೆ.

ನಗು ನಿಂತದ್ದು ನನ್ನ ಬಲಭುಜ ಹಿಡಿದುಕೊಂಡಾಗ. ಡಾಕ್ಟರ್ ಗುಳಿಗೆ ಕೊಟ್ಟು, ಕೈ ಆಡಿಸುತ್ತಿರಿ ಎಂದರು. ಹೋಟೆಲಿನ ಸೇಠ್ ನೇರ ಹೇಳಿದರು: "ಒಂದು ತಿಂಗಳು ನೋಡ್ತೇನೆ. ಆಗ್ಲಿಲ್ಲಾಂದ್ರೆ ತವಾ ಬೇರೆಯವನಿಗೆ. ನೀನು ಕೌಂಟರಲ್ಲಿ ಕೂತು ಕೂಪನ್ ಹರಿ."

ಇಪ್ಪತ್ತು ವರ್ಷ ಒಮ್ಮೆಗೆ ಹನ್ನೆರಡು ದೋಸೆ ಎಬ್ಬಿಸಿದವನು ಕೂಪನ್ ಹರಿಯುವುದೇ? ಸಾಧ್ಯವೇ ಇಲ್ಲ. ಮರುದಿನ ತಾರಸಿ ಹತ್ತಿದೆ.

"ಕೈಯಲ್ಲಿ ನೀರು ತುಂಬಿದ ಅಗಲ ಪರಾತ ಉಂಟು ಅಂತ ತಿಳ್ಕೊ. ತಿರುಗ್ಸು," ಎಂದರು ಉಸ್ತಾದರು. ತಿರುಗಿಸಿದೆ. ಮೂರನೇ ಸುತ್ತಿಗೆ ಹಣೆ ಚಚ್ಚಿಕೊಂಡರು.

"ಮಾರಾಯಾ, ನಾನು ಚಿಗಾಂಗ್ ಹೇಳಿದ್ರೆ ನೀನು ಮಸಾಲೆದೋಸೆ ಹೊಯ್ತಿಯಲ್ಲ!"

"ಅಣ್ಣಾ, ಈ ಕೈಗೆ ಗೊತ್ತಿರೋದು ಅದೊಂದೇ."

"ಹಾಗಾದ್ರೆ ಅದನ್ನೇ ಹೊಯ್ಯಿ. ನೋಡುವ."

ಬರಿಗಾಳಿಯಲ್ಲಿ ನಾಲ್ಕು ದೋಸೆಯ ಒಂದು ಸಾಲು ಹೊಯ್ದೆ. ಅವರು ನನ್ನ ಕೈ ನೋಡಲೇ ಇಲ್ಲ, ನನ್ನ ಮೂಗಿನ ಕೆಳಗೆ ಬೆರಳಿಟ್ಟಿದ್ದರು. "ಉಸಿರು ಎಲ್ಲಿ ಉಂಟು?" ಇರಲಿಲ್ಲ! ಮೊದಲ ದೋಸೆಗೆ ಹಿಡಿದದ್ದನ್ನು ಸಾಲು ಮುಗಿದ ಮೇಲೇ ಬಿಡುತ್ತಿದ್ದೆ. ಅಷ್ಟು ಹೊತ್ತೂ ಭುಜ ಕಿವಿಯ ಹತ್ತಿರ. ಇಪ್ಪತ್ತು ವರ್ಷ ಹೀಗೇ...

ಅಂದಿನಿಂದ ಹಿಟ್ಟಿಲ್ಲದ, ತವಾ ಇಲ್ಲದ ದೋಸೆ. ಒಂದೊಂದಕ್ಕೂ ಒಂದು ನಿಧಾನದ ಉಸಿರು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ಮರೆತು ಉಸಿರು ಹಿಡಿದರೆ ಬೆನ್ನಿಗೊಂದು ಗುದ್ದು: "ಬಿಡು ಮಾರಾಯಾ! ಉಸಿರಿಗೂ ಓವರ್‌ಟೈಮಾ?"

ತಿಂಗಳು ತುಂಬಿದ ದಿನ ಸೇಠ್ ಎದುರೇ ತವಾದ ಆಚೆ ತುದಿಗೆ ಕೈ ಚಾಚಿ ಹನ್ನೆರಡೂ ಹೊಯ್ದೆ. ಭುಜ ಪೂರ್ತಿ ಸರಿಯಾಗಿರಲಿಲ್ಲ, ಇಂದಿಗೂ ಆಗಿಲ್ಲ. ಸೇಠ್ ಕೂಪನ್ ಕಟ್ಟನ್ನು ಡ್ರಾಯರಿಗೆ ಹಾಕಿದರು. ತವಾ ನನ್ನದೇ ಉಳಿಯಿತು.

ಉಸ್ತಾದರ ಎದೆಯನ್ನು ಮಾತ್ರ ಹಳೆಯ ಹೊಗೆ ಬಿಡಲಿಲ್ಲ. ಕೊನೆಯ ಮಳೆಗಾಲದಲ್ಲಿ ಮೆಟ್ಟಿಲು ಹತ್ತಲಾಗದೆ, ಖೋಲಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಕೈ ತಿರುಗಿಸುತ್ತಿದ್ದರು, ತಟ್ಟೆಯಷ್ಟು ಅಗಲ... ಆಮೇಲೆ ಬಟ್ಟಲಿನಷ್ಟು... ಆಮೇಲೆ ಬಾಗಿಲಿಗೆ ಬೀಗ.

ಇವತ್ತು ಆ ಘಾಟು ಬಂದಾಗ ತವಾದ ಮೇಲೆ ಮೊದಲ ಸಾಲಿತ್ತು. ನಾನು ಉಸಿರು ಹಿಡಿದು ನಿಂತಿದ್ದೇನೆಂದು ತಿಳಿದದ್ದು ದೋಸೆಗಳ ಅಂಚು ಕಪ್ಪಾದ ಮೇಲೆ. ಬಿಡು ಮಾರಾಯಾ ಎಂದು ನನಗೆ ನಾನೇ ಹೇಳಿಕೊಂಡೆ. ಕೆರೆದು ತೆಗೆದು, ನೀರು ಚಿಮುಕಿಸಿ, ಮತ್ತೆ ಹೊಯ್ದೆ. ನನ್ನ ಬೆನ್ನಿಗೆ ನಾನೇ ಗುದ್ದಿಕೊಳ್ಳೋಣವೆಂದರೆ ಈ ಕೈ ಅಲ್ಲಿಯವರೆಗೆ ಎಟುಕುವುದಿಲ್ಲ.