ಅರಿಶಿನ ಬಿಟ್ಟ ಕೈ

ಕೆಳಮನೆ ಮಾಮಿಯ ಅಂಗೈಗೆರೆಗಳು ಹಳದಿಯಾಗಿದ್ದವು. ಮದರಾಸಿನ ಪೋರೂರಿನಲ್ಲಿ ನಮ್ಮ ಬೀದಿಯ ಬಾಣಂತಿಯರಿಗೆಲ್ಲ ಎಣ್ಣೆ, ಅರಿಶಿನ ಹಚ್ಚಿ ನೀರೆರೆದ ಕೈ ಅದು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಮೈಸೂರಿನಿಂದ ಕೆಲಸಕ್ಕೆಂದು ಬಂದವಳು. ಅವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡ ಮನೆತನ. ಸ್ತನದ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿದು ನನ್ನ ತಲೆ ಬೋಳಾಗಿತ್ತು, ರೇಡಿಯೇಷನ್ ನಡೆಯುತ್ತಿತ್ತು. ಕೈ ಮೇಲೆತ್ತಲಾಗದ ನನಗೆ ಸ್ನಾನ ಮಾಡಿಸಲು ಮಾಮಿ ತಾವಾಗಿಯೇ ಬಂದರು.

"ತಲೆ ಹಸುಗೂಸಿನ ಹಾಗಿದೆ ಡೀ. ನನಗೆ ಅಭ್ಯಾಸದ ಕೆಲಸ" ಎಂದು ನಕ್ಕರು.

ಡಾಕ್ಟರು ಹೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದೆ: ನೀರು ಉಗುರುಬೆಚ್ಚಗಿರಬೇಕು, ಉಜ್ಜದೆ ಮೆತ್ತಗೆ ಒತ್ತಿ ಒರೆಸಬೇಕು, ರೇಡಿಯೇಷನ್ ಬಿದ್ದ ಜಾಗಕ್ಕೆ ಆಸ್ಪತ್ರೆಯಲ್ಲಿ ಕೊಟ್ಟ ಕ್ರೀಮು ಬಿಟ್ಟು ಬೇರೇನೂ ಸೋಕಬಾರದು. ಚರ್ಮ ಒಡೆದರೆ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗುತ್ತದೆ.

"ಅರಿಶಿನಾನೂ ಬೇಡವಾ? ಅದು ಮದ್ದಲ್ವಾ ಕಣ್ಣಾ?"

"ಬೇಡ ಮಾಮಿ."

ಒಂದು ಶುಕ್ರವಾರ ನಾನು ಕಣ್ಣು ಮುಚ್ಚಿ ಕೂತಿದ್ದಾಗ, ಕಂಕುಳ ಕೆಳಗೆ ಕಪ್ಪಿಟ್ಟಿದ್ದ ಜಾಗಕ್ಕೆ ಅರಿಶಿನದೆಣ್ಣೆ ಹಚ್ಚಿ ತಿಕ್ಕಿಬಿಟ್ಟರು. ಚರ್ಮ ಸುಲಿಯಿತು. ಆ ಅರಿಶಿನದ ವಾಸನೆ ಈಗಲೂ ನೆನಪಿದೆ ಅನ್ನುತ್ತೇನೆ. ಆದರೆ ಕೀಮೋದಿಂದಾಗಿ ಆ ದಿನಗಳಲ್ಲಿ ನನಗೆ ವಾಸನೆಯೇ ತಿಳಿಯುತ್ತಿರಲಿಲ್ಲ, ಆಮೇಲೆ ಸೇರಿಸಿಕೊಂಡಿರಬೇಕು. ಚಿಕಿತ್ಸೆ ನಿಂತದ್ದು ಮಾತ್ರ ನಿಜ, ಇನ್ನು ಶುರುವಾಗುವುದೇ ಇಲ್ಲವೇನೋ ಎಂಬ ಭಯವೂ ನಿಜ.

ಗಾಯ ವಾಸಿಯಾಗಿ ಚಿಕಿತ್ಸೆ ಮತ್ತೆ ಶುರುವಾದ ದಿನ ಮಾಮಿ ಬಾಗಿಲಲ್ಲಿ ನಿಂತು ಎರಡೂ ಅಂಗೈ ಬಿಡಿಸಿ ತೋರಿಸಿದರು. ಹಳದಿ ಮಾಸಿತ್ತು. ಅಡುಗೆಯ ಅರಿಶಿನ ಮುಟ್ಟುವುದನ್ನು ಮಾತ್ರವಲ್ಲ, ದಿನಾ ಕೆನ್ನೆಗೆ, ಪಾದಕ್ಕೆ ಹಚ್ಚಿಕೊಳ್ಳುವುದನ್ನೂ ಬಿಟ್ಟಿದ್ದರು.

"ನೀವು ಮುತ್ತೈದೆ, ಹೀಗೆ ಬಿಡಬಹುದಾ ಮಾಮಿ?"

"ಮಾಮಾ ಗುಂಡುಕಲ್ಲಿನ ಹಾಗೆ ಕೂತು ಎರಡನೇ ಕಾಫಿ ಕೇಳ್ತಿದಾರೆ. ಅವರಿಗೇನೂ ಆಗಲ್ಲ. ನೀನು ನಡಿ, ನೀರು ಆರುತ್ತೆ."

ಚಿಕಿತ್ಸೆ ಮುಗಿಯುವವರೆಗೂ ಬರಿಗೈಯಲ್ಲೇ ನೀರೆರೆದರು, ಪ್ರತಿಸಲವೂ ಮೊಣಕೈ ಅದ್ದಿ ಬಿಸಿ ನೋಡಿ. ನನ್ನ ಚರ್ಮ ಮತ್ತೆ ಒಡೆಯಲಿಲ್ಲ. ಕೂದಲೂ ಬಂತು, ಮೊದಲಿಗಿಂತ ಗುಂಗುರಾಗಿ. ಆಮೇಲೆ ಅವರು ಅರಿಶಿನ ಹಚ್ಚಿಕೊಂಡರೇ? ಹಚ್ಚಿಕೊಂಡಿರಲೇಬೇಕು. ನನ್ನ ನೆನಪಿನಲ್ಲಿ ಮಾತ್ರ ಆ ಕೈ ಮತ್ತೆ ಹಳದಿಯಾಗಲೇ ಇಲ್ಲ.

ಕೆಲವು ವರ್ಷಗಳ ನಂತರ ಮಾಮಿಯೇ ಮೊದಲು ಹೋದರು. ಮುತ್ತೈದೆಯ ದೇಹಕ್ಕೆ ಅರಿಶಿನ ಹಚ್ಚುತ್ತಿದ್ದ ಅವರ ಸೊಸೆ ಬಟ್ಟಲನ್ನು ನನ್ನತ್ತಲೂ ಚಾಚಿದಳು. ಎಲ್ಲರೂ ಕೆನ್ನೆಗೆ, ಪಾದಕ್ಕೆ ಹಚ್ಚಿದ್ದರು. ನಾನು ಅವರ ಅಂಗೈ ಬಿಡಿಸಿ ಗೆರೆಗೆರೆಗೂ ತುಂಬಿದೆ. ತಿಕ್ಕಲಿಲ್ಲ. ಮೆತ್ತಗೆ ಒತ್ತಿದೆ.